ರಾಗ ಎಪ್ಪತ್ತೆರಡು, ಪುರುಸೊತ್ತು ಅರ್ಧ ಗಂಟೆ!

ಕೆಂಗೇರಿ ಉಪನಗರ: ರಾತ್ರಿ ಒಂಬತ್ತೂವರೆಗೆ ದಿನಸಿ ಅಂಗಡಿಯ ಷಟರ್ ಎಳೆದ ಮೇಲೆ ಮಾಲೀಕರು ಸೀದಾ ಮಹಡಿ ಹತ್ತುತ್ತಾರೆ. ಊಟಕ್ಕಲ್ಲ, ವೀಣೆಗೆ! ಹತ್ತಕ್ಕೆ ಪಕ್ಕದ ಮನೆಯವರು ದೀಪ ಆರಿಸುತ್ತಾರೆ. ಸಿಕ್ಕಿದ್ದು ಅರ್ಧ ಗಂಟೆ. ಮನೆಯಲ್ಲಿರುವುದು ಒಂದೇ ವೀಣೆ, ಅದಕ್ಕೆ ಹಕ್ಕುದಾರರು ಇಬ್ಬರು. ನಲವತ್ತು ದಾಟಿದ ಮೇಲೆ ಕಲಿಯಲು ಕೂತ ಅಪ್ಪ; ಸರ್ಕಾರದ ಜೂನಿಯರ್ ಪರೀಕ್ಷೆಗೆ ಕೂರಲಿರುವ ಮಗಳು.

ಜಗಳ ವೀಣೆಯದಲ್ಲ, ರಾಗದ್ದು. ಮಗಳಿಗೆ ದಿನಕ್ಕೊಂದು ರಾಗ ಬೇಕು. ಅಪ್ಪ ಎಂಟು ತಿಂಗಳಿಂದ ಮಾಯಾಮಾಳವಗೌಳ ಬಿಟ್ಟು ಕದಲಿಲ್ಲ.

"ಒಂದೇ ಸಾಮಾನು ಇಟ್ಕೊಂಡು ಅಂಗಡಿ ನಡೆಯುತ್ತಾ ಅಪ್ಪ?" ಎಂಬುದು ಮಗಳ ಪಾಟೀಸವಾಲು.

ಲೆಕ್ಕ ಹಾಕಿ ನೋಡೋಣ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಜೋಡಿಸಿಟ್ಟ ಮೇಳಗಳು 72. ಅವುಗಳ ಮಕ್ಕಳಾದ ಜನ್ಯರಾಗಗಳು ನೂರಾರು. ಬರೀ ಮೇಳಗಳನ್ನೇ ದಿನಕ್ಕೊಂದರಂತೆ ನುಡಿಸಿದರೂ ಒಂದು ರಾಗಕ್ಕೆ ವರ್ಷಕ್ಕೆ ಐದೇ ಸರದಿ. ಅಂದರೆ ವರ್ಷವಿಡೀ ಎರಡೂವರೆ ಗಂಟೆ. ಇಷ್ಟರಲ್ಲಿ ಬೆರಳಿಗೆ ಏನು ಅಂಟೀತು?

ಪುರಂದರದಾಸರು ಹಾಕಿಕೊಟ್ಟರೆನ್ನುವ ಪಾಠಕ್ರಮದಲ್ಲಿ 15ನೇ ಮೇಳವಾದ ಮಾಯಾಮಾಳವಗೌಳವೇ ಮೊದಲು. ಕಾರಣ ವೀಣೆಯ ಮೆಟ್ಟಿಲುಗಳಲ್ಲೇ ಕಾಣುತ್ತದೆ. ಸ ಆದ ಮೇಲೆ ಪಕ್ಕದಲ್ಲೇ ರಿ. ಎರಡು ಮೆಟ್ಟಿಲು ಬಿಟ್ಟು ಗ. ಮತ್ತೆ ಪಕ್ಕದಲ್ಲೇ ಮ. ಪ ದ ನಿ ಸ ಕೂಡ ಇದೇ ಅಳತೆ. ಕೆಳಗಿನ ಅರ್ಧ ಕೂತರೆ ಮೇಲಿನರ್ಧ ತಾನೇ ಕೂರುತ್ತದೆ. ಇದರದೇ ಜನ್ಯ ಮಲಹರಿಯಲ್ಲಿ ಮೊದಲ ಗೀತೆಗಳು. ಅಪ್ಪನ ಹಟದಲ್ಲಿ ಹುರುಳಿದೆ.

ಮಗಳ ಮಾತೂ ಸುಳ್ಳಲ್ಲ. 29ನೆಯದು ಶಂಕರಾಭರಣ, 65ನೆಯದು ಕಲ್ಯಾಣಿ. ಸ್ವರಗಳಲ್ಲಿ ವ್ಯತ್ಯಾಸ ಮಧ್ಯಮ ಒಂದೇ. ಆದರೆ ಒಂದು ಮೆಟ್ಟಿಲು ಬದಲಿಸಿದ ಮಾತ್ರಕ್ಕೆ ಕಲ್ಯಾಣಿ ಬಂತೆಂದು ತಿಳಿಯಬೇಡಿ ಸ್ವಾಮಿ! ತಂತಿ ಎಳೆದು ಹಿಡಿಯುವ ಗಮಕ ಬೇರೆ, ನಡೆ ಬೇರೆ. ಪಕ್ಕಪಕ್ಕ ಇಟ್ಟು ನುಡಿಸಿದರೇ ಆ ಭೇದ ಕಿವಿಗೆ ಬೀಳುವುದು.

ಕೊನೆಗೆ ಪಂಚಾಯ್ತಿ ಮೇಷ್ಟ್ರ ಮುಂದೆ ಬಂತು. ಅವರ ತೀರ್ಪು ಹೀಗೆ: ಮೊದಲ ಹತ್ತು ನಿಮಿಷ ಮಾಯಾಮಾಳವಗೌಳದ ವರಸೆ, ಮೂರು ಕಾಲದಲ್ಲಿ. ಉಳಿದದ್ದು ತಿಂಗಳಿಗೆ ಎರಡೇ ರಾಗಕ್ಕೆ. ಒಂದು ಪರೀಕ್ಷೆಯದು, ಒಂದು ಮನಸ್ಸಿಗೆ ಹಿಡಿದದ್ದು. ಅದು ಬಾಯಲ್ಲಿ ಬಂದ ಮೇಲೆಯೇ ಕೈಗೆ. ಮೆಜೆಸ್ಟಿಕ್ ಬಸ್ಸಿನಲ್ಲಿ ಕೂತೋ ನಿಂತೋ ಮನಸ್ಸಿನಲ್ಲೇ ಸ್ವರ ಹೇಳಿಕೊಳ್ಳಲು ಟಿಕೇಟು ಬೇರೆ ಬೇಡವಲ್ಲ!

ಈಗ ವೀಣೆ ಒಂದು ರಾತ್ರಿ ಅಪ್ಪನಿಗೆ, ಮರುರಾತ್ರಿ ಮಗಳಿಗೆ. ಪರೀಕ್ಷೆ ಹತ್ತಿರವಾದಂತೆ ಅಪ್ಪನೇ ತಮ್ಮ ಸರದಿಯನ್ನೂ ಬಿಟ್ಟುಕೊಟ್ಟಿದ್ದಾರೆ. "ಅವಳಿಗೆ ಪರೀಕ್ಷೆ ಒಂದು ದಿನ. ನಂಗೇನು, ಬೆರಳು ಓಡೋವರೆಗೂ ಇದೆ" ಎನ್ನುತ್ತಾರೆ.

ಆದರೂ ಹಗಲು ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಅವರ ಬೆರಳು ಆಡುತ್ತಿರುತ್ತದೆ. ಒಂದು ಪಕ್ಕ, ಎರಡು ಬಿಟ್ಟು, ಮತ್ತೆ ಪಕ್ಕ.