ಒಂದು ಪುಟದ ಬಾಡಿಗೆ

ಪ್ಯಾರಿಸ್ ನಗರದ ಲ್ಯಾಟಿನ್ ಕ್ವಾರ್ಟರ್ ಎಂಬ ಹಳೆಯ ವಿದ್ಯಾಪೇಟೆಯ ಓಣಿಯೊಂದರಲ್ಲಿ, ಕೆಳಗೆ ರಾತ್ರಿ ಎರಡರವರೆಗೂ ಬೇಯುವ ಮಾಂಸದ ಅಂಗಡಿಯೂ ಮೇಲೆ ಇಬ್ಬರು ಎದುರಾದರೆ ಒಬ್ಬನು ಹಿಂದೆ ಸರಿಯಲೇಬೇಕಾದ ಸುರುಳಿ ಮೆಟ್ಟಿಲೂ ಇರುವ ಅಗ್ಗದ ಹಾಸ್ಟೆಲೊಂದರಲ್ಲಿ, ನಾನು ನಾಲ್ಕು ರಾತ್ರಿಗಳನ್ನು ಕಳೆದೆನು. ಹಾಸ್ಟೆಲೆಂದೊಡನೆ ನಮ್ಮವರಿಗೆ ವಿದ್ಯಾರ್ಥಿನಿಲಯವೂ ಅದರ ನೀರುಸಾರೂ ನೆನಪಿಗೆ ಬರುವುದು ಸಹಜವಾದುದರಿಂದ ಹೇಳುತ್ತೇನೆ: ಆ ಕಡೆ ಹಾಸ್ಟೆಲೆಂದರೆ ಒಂದೇ ಕೋಣೆಯಲ್ಲಿ ಆರೋ ಎಂಟೋ ಹಾಸಿಗೆಗಳನ್ನು ಅಟ್ಟದ ಮೇಲೆ ಅಟ್ಟದಂತೆ ಜೋಡಿಸಿ, ಒಂದೊಂದು ಹಾಸಿಗೆಯನ್ನೂ ಬೇರೆ ಬೇರೆಯಾಗಿ ಬಾಡಿಗೆಗೆ ಕೊಡುವ ತಂಗುದಾಣ. ನನ್ನದು ಮೇಲಿನ ಹಾಸಿಗೆ. ಏಣಿಯ ಮೂರನೆಯ ಮೆಟ್ಟಿಲು ಸಡಿಲವಾಗಿದ್ದಿತು. ಸ್ನಾನಗೃಹದಲ್ಲಿ ಗುಂಡಿಯನ್ನು ಒತ್ತಿದರೆ ಮೈ ನೆನೆಯುವಷ್ಟು ನೀರು ಬಂದು, ಸಾಬೂನು ಹಚ್ಚಿಕೊಳ್ಳುವ ಹೊತ್ತಿಗೆ ತಾನಾಗಿಯೇ ನಿಂತುಹೋಗುವುದು, ಮತ್ತೆ ಒತ್ತಬೇಕು.

ಇದರಲ್ಲಿ ದೂರುವುದೇನೂ ಇಲ್ಲ. ಕೊಟ್ಟ ಹಣಕ್ಕೆ ಅದು ನ್ಯಾಯವಾದ ವಸತಿಯೇ ಆಗಿದ್ದಿತು. ಆದರೆ ಮೊದಲ ದಿನ ಮೇಜಿನ ಹಿಂದಿದ್ದ ಯುವಕನು ನನ್ನ ಪಾಸ್‌ಪೋರ್ಟನ್ನೂ ಬ್ಯಾಂಕಿನ ಕಾರ್ಡನ್ನೂ ತೆಗೆದುಕೊಂಡು, ಹೊರಡುವ ದಿನ ಯಾವುದೆಂದು ಕೇಳಿ, ತಲೆಯೆತ್ತದೆಯೇ ಬೀಗದ ಕೈಯನ್ನು ಮುಂದಕ್ಕೆ ತಳ್ಳಿದಾಗ, ಬಂದವನು ಯಾವೂರಿನವನು, ಊಟವಾಯಿತೇ ಎಂದು ಕೇಳದೆ ಒಳಗೆ ಬಿಡದಿದ್ದ ನಮ್ಮ ಹಳ್ಳಿಯ ಜಗಲಿಗಳಲ್ಲಿ ಬೆಳೆದ ನನಗೆ ಏನೋ ಒಂದು ಬಾಕಿ ಉಳಿದಂತೆ ತೋರಿತು. ಹಾಸಿಗೆಯ ಬದಿಗೆ ಸಿಕ್ಕಿಸಿದ ಚೀಟಿಯಲ್ಲಿ ನನ್ನ ಹೆಸರಿನ ಅರ್ಧಭಾಗವೂ ನಾನು ಹೊರಡಬೇಕಾದ ದಿನಾಂಕವೂ ಇದ್ದುವು.

ಮೇಜಿನ ಮೇಲಿದ್ದ ಕಿರುಹೊತ್ತಗೆಯೊಂದರಿಂದ ಈ ಸಂಸ್ಥೆಯ ಮೂಲವನ್ನು ಓದಿದೆನು. ರಿಚರ್ಡ್ ಶಿರ್‌ಮಾನ್ ಎಂಬ ಜರ್ಮನ್ ಶಾಲೆಯ ಉಪಾಧ್ಯಾಯನು 1909ರ ಆಗಸ್ಟಿನಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು ಮಳೆಗೆ ಸಿಕ್ಕಿ, ಬ್ರ್ಯೋಲ್ ಕಣಿವೆಯ ಒಂದು ಶಾಲೆಯಲ್ಲಿ ಹುಲ್ಲಿನ ಮೇಲೆ ಅವರನ್ನು ಮಲಗಿಸಿದನಂತೆ. ಮಕ್ಕಳು ನಿದ್ದೆಹೋದ ಮೇಲೆ ಆತನಿಗೆ, ರಜೆಯಲ್ಲಿ ಬರಿದಾಗಿ ಬಿದ್ದಿರುವ ಶಾಲೆಗಳೆಲ್ಲ ಹೀಗೆ ನಡೆದು ಬರುವ ಎಳೆಯರಿಗೆ ತಂಗುದಾಣಗಳಾಗಬಾರದೇಕೆ ಎಂಬ ಯೋಚನೆ ಹೊಳೆಯಿತಂತೆ. 1912ರಲ್ಲಿ ಆಲ್ಟೆನಾ ಎಂಬಲ್ಲಿಯ ಕೋಟೆಯಲ್ಲಿ ಮೊದಲ ಹಾಸ್ಟೆಲು ತೆರೆಯಿತು. ಅಲ್ಲಿಂದ ಅದು ಲೋಕವ್ಯಾಪಿಯಾದ ಕಥೆ ದೊಡ್ಡದು. ನನ್ನ ಆಸಕ್ತಿ ಬೇರೊಂದು ಕಡೆ ಹರಿದುದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಆ ಬೇರೊಂದು ಕಡೆಯನ್ನು ತೋರಿಸಿದವನು ನನ್ನ ಕೆಳಗಿನ ಹಾಸಿಗೆಯ ತರುಣ. ಎರಡನೆಯ ದಿನ ಬೆಳಗ್ಗೆ, ಉದ್ದನೆಯ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತ, “ನದಿಯ ಬಳಿ ಒಂದು ಪುಸ್ತಕದಂಗಡಿ ಇದೆ; ಅಲ್ಲಿ ಕಾಸಿಲ್ಲದೆ ಮಲಗಬಹುದು, ಆದರೆ ಬಾಡಿಗೆಗೆ ನಿನ್ನ ಜೀವನಚರಿತ್ರೆಯನ್ನು ಬರೆದುಕೊಡಬೇಕು” ಎಂದು ಆತ ಹೇಳಿದಾಗ, ಇದು ಯಾವುದೋ ಯಾತ್ರಿಕರ ಕಟ್ಟುಕಥೆಯೆಂದು ನಕ್ಕೆನು. ಅದೇ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆನು.

ಸೇನ್ ನದಿಯ ಎಡದಂಡೆಯಲ್ಲಿ, ನೋತ್ರ್ ದಾಮ್ ಮಹಾದೇವಾಲಯಕ್ಕೆ ಇದಿರಾಗಿ, ಬ್ಯುಷ್ರಿ ಬೀದಿಯ 37ನೆಯ ನಂಬರಿನ ಮನೆಯಲ್ಲಿ ಷೇಕ್ಸ್‌ಪಿಯರ್ ಅಂಡ್ ಕಂಪನಿ ಎಂಬ ಇಂಗ್ಲಿಷ್ ಪುಸ್ತಕಗಳ ಅಂಗಡಿಯುಂಟು. ಪಕ್ಕದ ಸಣ್ಣ ಉದ್ಯಾನದಲ್ಲಿ, 1601ರಲ್ಲಿ ನೆಟ್ಟುದೆಂದು ಹೇಳುವ ಮರವೊಂದು ಕಾಂಕ್ರೀಟಿನ ಊರುಗೋಲನ್ನು ಆತುಕೊಂಡು ಇನ್ನೂ ಚಿಗುರುತ್ತಿದೆ. ಅಂಗಡಿಯ ಕಟ್ಟಡವೂ ಹಳೆಯದು. ಪೂರ್ವದಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವಾಗಿದ್ದಿತೆನ್ನುತ್ತಾರೆ. ಒಳಗೆ ಕಾಲಿಟ್ಟರೆ ಗೋಡೆಯೆಂಬುದು ಕಾಣದು. ತೊಲೆಗಳವರೆಗೂ ಪುಸ್ತಕ, ಮೆಟ್ಟಿಲಿನ ಇಕ್ಕೆಲದಲ್ಲಿ ಪುಸ್ತಕ. ಮೇಲ್ಮಹಡಿಯಲ್ಲಿರುವುದು ಮಾರಾಟದ ಸರಕಲ್ಲ, ಕುಳಿತು ಓದುವವರಿಗೆಂದು ಬಿಟ್ಟ ಗ್ರಂಥಾಲಯ. ಅಲ್ಲಿಯ ಕಪಾಟುಗಳ ನಡುವೆ, ತೆಳುವಾದ ಹಾಸು ಹೊದಿಸಿದ ಅಗಲ ಕಿರಿದಾದ ಬೆಂಚುಗಳು. ಹಗಲು ಗಿರಾಕಿಗಳು ಕುಳಿತುಕೊಳ್ಳುವ ಆ ಬೆಂಚುಗಳೇ ರಾತ್ರಿ ಬಾಗಿಲು ಹಾಕಿದ ಮೇಲೆ ಹಾಸಿಗೆಗಳು.

ಇದನ್ನು ಕಟ್ಟಿದವನು ಜಾರ್ಜ್ ವಿಟ್ಮನ್ ಎಂಬ ಅಮೆರಿಕದವನು. ಈತನ ವಿಷಯವಾಗಿ ನಾನು ಕೊಂಚ ಹೆಚ್ಚಾಗಿಯೇ ಬರೆದರೆ ಓದುಗರು ಕ್ಷಮಿಸಬೇಕು. ಅಂಗಡಿಯ ಚರಿತ್ರೆಯನ್ನು ಬರೆಯಲು ಹೊರಟವರೆಲ್ಲರೂ ಕಡೆಗೆ ಈ ಮುದುಕನ ಬಳಿಯೇ ಕುಳಿತುಬಿಟ್ಟಿರುವರು. ಈತ ಹುಟ್ಟಿದುದು 1913ರ ಡಿಸೆಂಬರಿನಲ್ಲಿ. ತಂದೆ ಭೌತವಿಜ್ಞಾನದ ಅಧ್ಯಾಪಕ. ಮಗನನ್ನು ಬಾಲ್ಯದಲ್ಲಿಯೇ ಒಂದು ವರ್ಷ ಚೀನಾದೇಶದ ನಾನ್‌ಜಿಂಗಿಗೆ ಕರೆದೊಯ್ದಿದ್ದನು. ತಿರುಗಾಟದ ರುಚಿ ಅಲ್ಲಿಯೇ ಹತ್ತಿರಬೇಕು. ಕಾಲೇಜು ಮುಗಿದೊಡನೆ, ಅಮೆರಿಕ ದೇಶವೇ ದಾರಿದ್ರ್ಯದಲ್ಲಿ ಮುಳುಗಿದ್ದ ಆ ದಿನಗಳಲ್ಲಿ, ಕಿಸೆಯಲ್ಲಿ ಅಲ್ಪ ಹಣವನ್ನಿಟ್ಟುಕೊಂಡು, ಸರಕಿನ ರೈಲುಗಳನ್ನು ಕದ್ದು ಹತ್ತಿಯೂ ಬಹುದೂರ ನಡೆದೂ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕಗಳನ್ನು ಸುತ್ತಿದನು. ಯುಕಟಾನ್ ಪ್ರಾಂತದಲ್ಲಿ ರಕ್ತಭೇದಿಯಿಂದ ನೆಲಹಿಡಿದ ಈ ಅಪರಿಚಿತನನ್ನು ಅಲ್ಲಿಯ ಮಾಯಾ ಜನರು ಎತ್ತಿಕೊಂಡು ಹೋಗಿ ಆರೈಕೆಮಾಡಿ ಬದುಕಿಸಿದರಂತೆ. ಅವರು ಅವನಿಂದ ಪಡೆಯಬಹುದಾಗಿದ್ದುದು ಏನೂ ಇರಲಿಲ್ಲ. ಅವರ ಭಾಷೆಯಲ್ಲಿ ಕೃತಜ್ಞತೆಯ ಮಾತನ್ನಾಡುವುದಕ್ಕೂ ಅವನಿಗೆ ಬಾರದು. ಆ ಋಣದ ಬಡ್ಡಿಯನ್ನು ಆತ ಮುಂದೆ ಅರುವತ್ತು ವರ್ಷ ಪ್ಯಾರಿಸಿನಲ್ಲಿ ತೀರಿಸಿದನೆಂದು ನನಗೆ ತೋರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಗ್ರೀನ್‌ಲೆಂಡಿನ ಹಿಮದ ನಡುವೆ ವೈದ್ಯಸಹಾಯಕನಾಗಿದ್ದು, 1946ರಲ್ಲಿ ಪ್ಯಾರಿಸಿಗೆ ಬಂದು, ಸೋರ್ಬಾನ್ ವಿದ್ಯಾಪೀಠದಲ್ಲಿ ಹೆಸರು ನೋಂದಾಯಿಸಿಕೊಂಡನು. ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ಪುಸ್ತಕದ ಚೀಟಿಗಳನ್ನು ಬೇಡದವರಿಂದ ಕೂಡಿಸಿಕೊಂಡು, ಸ್ವೆಜ್ ಎಂಬ ಬಡ ಹೋಟೆಲಿನ ಕೋಣೆಯನ್ನು ಪುಸ್ತಕಗಳಿಂದ ತುಂಬಿ, ಬಾಗಿಲಿಗೆ ಬೀಗ ಹಾಕುವುದನ್ನೇ ಬಿಟ್ಟನು: ಯಾರು ಬೇಕಾದರೂ ಬಂದು ಓದಬಹುದು, ಒಯ್ಯಬಹುದು. ಹಾಗೆ ಬಂದವರಲ್ಲಿ ಲಾರೆನ್ಸ್ ಫರ್ಲಿಂಗೆಟ್ಟಿ ಎಂಬ ಕವಿಯೂ ಒಬ್ಬನು. ಆತ ತಾಯ್ನಾಡಿಗೆ ಮರಳಿ 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಟಿ ಲೈಟ್ಸ್ ಎಂಬ ಪ್ರಸಿದ್ಧವಾದ ಅಂಗಡಿಯನ್ನು ತೆರೆದನು. ವಿಟ್ಮನ್ ಅದಕ್ಕೂ ಎರಡು ವರ್ಷ ಮೊದಲೇ, 1951ರಲ್ಲಿ, ಈ ಬ್ಯುಷ್ರಿ ಬೀದಿಯ ಮನೆಯಲ್ಲಿ ಅಂಗಡಿ ಹೂಡಿದ್ದನು. ಆಗ ಅದರ ಹೆಸರು ಲ ಮಿಸ್ತ್ರಾಲ್. ಈಗಿನ ಹೆಸರು ನಿಜವಾಗಿ ಸಿಲ್ವಿಯಾ ಬೀಚ್ ಎಂಬಾಕೆಯದು. 1919ರಲ್ಲಿ ಅಂಗಡಿ ತೆರೆದು, 1922ರಲ್ಲಿ ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯನ್ನು ಪ್ರಕಟಿಸಿ, ಜರ್ಮನರು ಪ್ಯಾರಿಸನ್ನು ಹಿಡಿದಿದ್ದ 1941ರಲ್ಲಿ ಬಾಗಿಲು ಮುಚ್ಚಿದ ಧೀರ ಮಹಿಳೆ. ಆಕೆ ತೀರಿಕೊಂಡ ಎರಡು ವರ್ಷಗಳಿಗೆ, ಷೇಕ್ಸ್‌ಪಿಯರನ ನಾನೂರನೆಯ ಜಯಂತಿಯ 1964ರಲ್ಲಿ, ವಿಟ್ಮನ್ ಆ ಹೆಸರನ್ನು ತನ್ನ ಅಂಗಡಿಗೆ ಇಟ್ಟನು. ಮುಂದೆ ಮಗಳು ಹುಟ್ಟಿದಾಗಲೂ ಸಿಲ್ವಿಯಾ ಎಂದೇ ಕರೆದನು.

ಇಲ್ಲಿ ಉಚಿತವಾಗಿ ತಂಗುವವರಿಗೆ ವಿಟ್ಮನ್ ಇಟ್ಟ ಹೆಸರು ಟಂಬಲ್‌ವೀಡ್. ಅಮೆರಿಕದ ಬಯಲುಗಳಲ್ಲಿ ಒಣಗಿ, ಬೇರುಗಳಚಿ, ಗಾಳಿ ಬೀಸಿದತ್ತ ಉರುಳುತ್ತ ಹೋಗುವ ಗಿಡವದು. ನಮ್ಮ ಕರಾವಳಿಯ ಮರಳ ಮೇಲೆ ಕಡಲಗಾಳಿಗೆ ಓಡುವ ರಾವಣನ ಮೀಸೆಯನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಇಂತಹ ಉರುಳುಗಿಡಗಳು ಈವರೆಗೆ ಸುಮಾರು 30,000 ಬಂದು ಹೋಗಿವೆಯೆಂದು ಅಂಗಡಿಯವರ ಲೆಕ್ಕ. ಅವರಿಗೆ ಕಟ್ಟಳೆಗಳು ಮೂರು. ದಿನಕ್ಕೊಂದು ಪುಸ್ತಕ ಓದಬೇಕು. ಒಂದೆರಡು ಗಂಟೆ ಅಂಗಡಿಯ ಕೆಲಸಕ್ಕೆ ಕೈಜೋಡಿಸಬೇಕು: ಬೆಳಗ್ಗೆ ಗಿರಾಕಿ ಬರುವುದಕ್ಕೆ ಮುಂಚೆ ಹಾಸಿಗೆ ಸುತ್ತಿಟ್ಟು, ನೆಲ ಗುಡಿಸಿ, ಪುಸ್ತಕದ ಪೆಟ್ಟಿಗೆಗಳನ್ನು ಹೊರಗಿಡುವುದು ಇತ್ಯಾದಿ. ಮೂರನೆಯದಾಗಿ, ಒಂದೇ ಪುಟದಲ್ಲಿ ಆತ್ಮಚರಿತ್ರೆಯನ್ನು ಬರೆದು, ಭಾವಚಿತ್ರದೊಡನೆ ಒಪ್ಪಿಸಬೇಕು. ದಿನಕ್ಕೊಂದು ಪುಸ್ತಕವೆಂಬ ನಿಯಮವನ್ನು ಎಷ್ಟು ಜನ ಪಾಲಿಸಿದರೋ ದೇವರೇ ಬಲ್ಲ. ‘ಯುದ್ಧ ಮತ್ತು ಶಾಂತಿ’ಯನ್ನು ಕೈಗೆತ್ತಿಕೊಂಡವನ ಗತಿಯೇನು ಎಂದು ಕೇಳಬೇಕೆನಿಸಿತು. ಆದರೆ ಮೂರನೆಯ ಕಟ್ಟಳೆಯ ಫಲ ಮಾತ್ರ ಪ್ರತ್ಯಕ್ಷವಾಗಿದೆ. ದಶಕಗಳ ಆ ಪುಟಗಳನ್ನು ಅವರು ಎಸೆಯದೆ ಕಾಪಾಡಿದ್ದಾರೆ: ಬೆರಳಚ್ಚಿನವು, ಕೈಬರಹದವು, ಮೂಲೆಯಲ್ಲಿ ಅಂಟಿಸಿದ ಎಳೆಯ ಮುಖಗಳವು. ಊರು ಬಿಟ್ಟು ಬಂದ ಸಹಸ್ರಾರು ಇಪ್ಪತ್ತರ ಹರೆಯದವರು, ತಮ್ಮ ಬಾಳು ಇನ್ನೂ ಆರಂಭವಾಗಿಲ್ಲದ ಹೊತ್ತಿನಲ್ಲಿ, ಅದರ ಕಥೆಯನ್ನು ಬರೆದಿಟ್ಟುಹೋದ ಭಂಡಾರ!

ಇದನ್ನೆಲ್ಲ ಕೇಳಿ ವಿಟ್ಮನನನ್ನು ಸಂತನನ್ನಾಗಿಸಬಾರದು. ಕೋಪಿಷ್ಠನಂತೆ, ಬಂದವನನ್ನು ಬೆಳಗ್ಗೆ ಬೈದು ಸಂಜೆ ಸೂಪು ಬಡಿಸುವ ಜಾತಿ. ಹಣವನ್ನು ಪುಸ್ತಕಗಳ ಹಾಳೆಗಳ ನಡುವೆ ಅಡಗಿಸಿಟ್ಟು ಮರೆತುಬಿಡುತ್ತಿದ್ದನಂತೆ. ಕ್ಷೌರಿಕನಿಗೆ ಹಣ ತೆರುವುದು ದುಂದೆಂದು ತಿಳಿದು, ಉರಿಯುವ ಮೇಣದ ಬತ್ತಿಯನ್ನು ತಲೆಗೆ ಹಿಡಿದು, ಹೊತ್ತಿಕೊಂಡ ಕೂದಲನ್ನು ಅಂಗೈಯಿಂದ ತಟ್ಟಿ ಆರಿಸಿ ಕೇಶಸಂಸ್ಕಾರ ಮಾಡಿಕೊಳ್ಳುತ್ತಿದ್ದುದನ್ನು ಸಾಕ್ಷ್ಯಚಿತ್ರವೊಂದರಲ್ಲಿ ಯಾರು ಬೇಕಾದರೂ ನೋಡಬಹುದು. ಭಾನುವಾರ ಅತಿಥಿಗಳಿಗೆಲ್ಲ ತಾನೇ ತೆಳ್ಳಗಿನ ಸಿಹಿದೋಸೆಗಳನ್ನು ಹುಯ್ಯುತ್ತಿದ್ದನು. ಸ್ನಾನದ ಅನುಕೂಲವಿಲ್ಲದುದರಿಂದ ಅತಿಥಿಗಳು ಊರಿನ ಸಾರ್ವಜನಿಕ ಸ್ನಾನಗೃಹಗಳಿಗೆ ಹೋಗುತ್ತಿದ್ದರು. ತಿಗಣೆಗಳ ಮಾತನ್ನು ಅಲ್ಲಿ ಮಲಗಿದವರಾರೂ ಮರೆಮಾಚಿಲ್ಲ. ನಮ್ಮ ಹಳೆಯ ಛತ್ರಗಳನ್ನು ಬಲ್ಲವರಿಗೆ ಇದರಲ್ಲಿ ಹೊಸತೇನಿದೆ? ವಾರಾನ್ನ ಉಂಡು ಓದಿದ ನಮ್ಮ ಹಿರಿಯರೂ ಸ್ಮರಿಸುತ್ತಿದ್ದುದು ಅನ್ನವಿಕ್ಕಿದ ತಾಯಿಯನ್ನು. ಸಾರಿನ ಉಪ್ಪನ್ನು ಯಾರೂ ಲೆಕ್ಕವಿಟ್ಟಿರಲಿಲ್ಲ.

ಕಷ್ಟಗಳು ಬಾರದೆ ಇರಲಿಲ್ಲ. ಅರುವತ್ತರ ದಶಕದಲ್ಲಿ ಅಧಿಕಾರಿಗಳು ಪರವಾನಗಿಯ ಕಾರಣದಿಂದ ಮಾರಾಟವನ್ನು ತಡೆದರು; ವಿಟ್ಮನ್ ಮಾರುವುದನ್ನು ನಿಲ್ಲಿಸಿ, ಓದಿಸುವುದನ್ನು ಮುಂದುವರಿಸಿದನು. 1990ರಲ್ಲಿ ಮೇಲ್ಮಹಡಿಗೆ ಬೆಂಕಿ ಬಿದ್ದು ಗ್ರಂಥಾಲಯದ ಎಷ್ಟೋ ಪುಸ್ತಕಗಳು ಸುಟ್ಟುಹೋದುವು. 2020ರ ಮಹಾಮಾರಿಯ ವರ್ಷ, ಮಾರ್ಚಿನಿಂದೀಚೆಗೆ ಮಾರಾಟವು ನೂರಕ್ಕೆ 80ರಷ್ಟು ಕುಸಿದಿದೆಯೆಂದು ಅಂಗಡಿ ಓದುಗರಿಗೆ ಮೊರೆಯಿಟ್ಟಾಗ, ದೂರದೇಶಗಳಿಂದ ಪುಸ್ತಕಗಳಿಗೆ ಬೇಡಿಕೆ ಸುರಿಯಿತು. ಹಿಂದೊಮ್ಮೆ ಆ ಬೆಂಚುಗಳ ಮೇಲೆ ಮಲಗಿ ಹೋದವರು ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ವಿಟ್ಮನ್ ಮಾತ್ರ ಅದನ್ನು ಕಾಣಲಿಲ್ಲ. 2011ರ ಡಿಸೆಂಬರ್ 14ರಂದು, ತೊಂಬತ್ತೆಂಟು ತುಂಬಿದ ಎರಡು ದಿನಗಳಿಗೆ, ತನ್ನ ಅಂಗಡಿಯ ಮೇಲಿನ ಮನೆಯಲ್ಲಿಯೇ ಆತ ತೀರಿಕೊಂಡನು. ಮಠಗಳಲ್ಲಿ ಸಂಜೆಯಾದೊಡನೆ ದೀಪ ಹಚ್ಚುವ ಹೊಣೆ ಹೊತ್ತ ಸನ್ಯಾಸಿಯೊಬ್ಬನಿರುತ್ತಿದ್ದನಂತೆ. ತಾನು ಈ ಮನೆಯ ಆ ದೀಪದವನೆಂದು ಹೇಳಿಕೊಳ್ಳುತ್ತಿದ್ದ ಮುದುಕನು ಆ ಹೊಣೆಯನ್ನು ಮಗಳಿಗೆ ಮೊದಲೇ ಒಪ್ಪಿಸಿದ್ದನು. ಆಕೆ ಲೆಕ್ಕಪತ್ರಗಳನ್ನು ಒಪ್ಪಮಾಡಿದಳು, ಪಕ್ಕದಲ್ಲಿ 2015ರಲ್ಲಿ ಕಾಫಿಯ ಅಂಗಡಿಯನ್ನು ತೆರೆದಳು, ಬೆಂಚುಗಳನ್ನು ಮಾತ್ರ ತೆಗೆಸಲಿಲ್ಲ.

ಈಗ ಅಂಗಡಿಯ ಮುಂದೆ ಯಾತ್ರಿಕರ ಸಾಲು ಬೆಳೆದಿದೆ. ನಾನೂ ಆ ಸಾಲಿನಲ್ಲಿ ನಿಂತವನೇ. ಒಳಗೆ ಒಬ್ಬ ಹುಡುಗಿ ಬೆಂಚಿನ ತುದಿಯಲ್ಲಿ ಕಾಲು ಮಡಚಿ ಕುಳಿತು, ಸುತ್ತಲಿನ ನೂಕುನುಗ್ಗಲನ್ನು ಲೆಕ್ಕಿಸದೆ, ಪುಸ್ತಕದ ಕೊನೆಯ ಹಾಳೆಗಳನ್ನು ಅವಸರದಿಂದ ತಿರುವುತ್ತಿದ್ದಳು. ಆ ದಿನದ ಬಾಡಿಗೆಯನ್ನು ಸಲ್ಲಿಸುತ್ತಿದ್ದಾಳೆಂದು ಊಹಿಸಿ ಸಂತೋಷಪಟ್ಟೆನು. ನನ್ನ ವಯಸ್ಸಿಗೆ ಆ ಬೆಂಚನ್ನು ಕೇಳುವುದು ಉಚಿತವಲ್ಲವೆಂದು ತೋರಿ, ಕೇಳದೆಯೇ ಹಿಂದಿರುಗಿದೆನು.

ಆದರೂ ಹಾಸ್ಟೆಲಿನ ಕೊನೆಯ ರಾತ್ರಿ, ಕೋಣೆಯ ಉಳಿದ ಐವರೂ ನಿದ್ರಿಸಿದ ಮೇಲೆ, ತಲೆಗೆ ತಗಲುವ ತಾರಸಿಯ ಕೆಳಗೆ ಬೆನ್ನು ಬಾಗಿಸಿ ಕುಳಿತು, ಫೋನಿನ ಬೆಳಕಿನಲ್ಲಿ, ಯಾರೂ ಕೇಳದ ಆ ಒಂದು ಪುಟವನ್ನು ಕನ್ನಡದಲ್ಲಿ ಬರೆಯತೊಡಗಿದೆನು. ಊರಿನ ಹೆಸರು, ಕೆರೆಯ ಏರಿ, ತಂದೆಯವರ ಕೊಡೆ: ಇಷ್ಟರಲ್ಲಿ ಅರ್ಧ ಪುಟ ತುಂಬಿತು. ಆಮೇಲಿನ ನಲವತ್ತು ವರ್ಷಗಳಿಗೆ ಮಿಕ್ಕ ಅರ್ಧ ಪುಟ ಬೇಕಾದುದಕ್ಕಿಂತ ಹೆಚ್ಚಾಗಿ ತೋರಿ, ಕೈ ನಿಂತಿತು.

ಬೆಳಗ್ಗೆ ಹನ್ನೊಂದರೊಳಗೆ ಹಾಸಿಗೆ ಬಿಡಬೇಕೆಂಬುದು ನಿಯಮ. ಬೀಗದ ಕೈಯನ್ನು ಒಪ್ಪಿಸಿ, ರೈಲುನಿಲ್ದಾಣದ ದಾರಿಯನ್ನು ಅರ್ಧ ಸವೆಸಿದ ಮೇಲೆ, ಹಾಳೆಯನ್ನು ದಿಂಬಿನಡಿಯಲ್ಲಿ ಮರೆತುದು ನೆನಪಾಗಿ ಓಡಿದೆನು. ಕೆಲಸದ ಹೆಂಗಸು ನನ್ನ ಹಾಸಿಗೆಯ ಬಟ್ಟೆಗಳನ್ನು ಕಳಚಿ ಹೊರಗೆ ರಾಶಿಹಾಕಿದ್ದಳು. ಹಾಳೆ ಆಕೆಯ ಕೈಯಲ್ಲಿದ್ದಿತು. ತಲೆಕೆಳಗಾಗಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದಳು. ಇದು ಯಾವ ಭಾಷೆಯೆಂದು ಕೇಳಿದಳು. ಹೇಳಿದೆನು. ಆಕೆ ಆ ಹೆಸರನ್ನು ಎರಡು ಬಾರಿ ನಾಲಗೆಯಲ್ಲಿ ಹೊರಳಿಸಿ ನೋಡಿ, ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗಿತ್ತು, ಹೊಸ ಗವಸನ್ನು ದಿಂಬಿಗೆ ತೊಡಿಸತೊಡಗಿದಳು. ಹಾಸಿಗೆಯ ಬದಿಯ ಚೀಟಿಯಲ್ಲಿ ಆಗಲೇ ಬೇರೆ ಯಾರದೋ ಹೆಸರಿದ್ದಿತು.