ಬತ್ತಿದ ಹೊಳೆಯ ಮಹಾಪೂರ

ಚೈತ್ರ-ವೈಶಾಖಗಳ ಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಪ್ರಯಾಣಿಕನು ನರಗುಂದವನ್ನು ಹಿಂದೆ ಹಾಕಿ ಕೊಣ್ಣೂರಿನ ಸೇತುವೆಯ ಮೇಲೆ ಬಂದನೆಂದರೆ, ತಾನು ದಾಟುತ್ತಿರುವುದು ಮಲಪ್ರಭಾ ನದಿಯೆಂದು ಯಾರಾದರೂ ತಿಳಿಸಿದ ಹೊರತು ಅವನಿಗೆ ಅದರ ಅರಿವಾಗುವ ಸಂಭವವೇ ಕಡಿಮೆ. ಪಾತ್ರದೊಳಕ್ಕೆ ಇಳಿದು ಬೆಳೆದ ಜಾಲಿಕಂಟಿ, ಅಲ್ಲಲ್ಲಿ ಮಡುಗಟ್ಟಿ ನಿಂತ ಹಸಿರು ನೀರು, ಅದರ ಅಂಚಿನಲ್ಲಿ ಆಪು-ಜೊಂಡುಗಳ ಗುಂಪು, ಅದರಾಚೆಗೆ ನೀರಿನ ಬುಡದವರೆಗೂ ಉತ್ತು ಬಿತ್ತಿದ ಹೊಲ, ಇಷ್ಟೇ ಅಲ್ಲಿ ಕಾಣಸಿಗುವುದು. ಇಂತಹ ಹೊಳೆ 2009ರ ಸೆಪ್ಟೆಂಬರ್ ಕಡೆಯ ದಿನಗಳಲ್ಲಿಯೂ ಮರಳಿ 2019ರ ಆಗಸ್ಟ್ ತಿಂಗಳಿನಲ್ಲಿಯೂ ರಾಮದುರ್ಗ, ನರಗುಂದ, ರೋಣ, ಬಾದಾಮಿ, ಹುನಗುಂದ ಸೀಮೆಗಳ ಹೊಳೆಸಾಲಿನ ಹಳ್ಳಿಗಳ ಮೇಲೆ ಏರಿ ಬಂದು, ಬೆಳೆ, ಮನೆ, ದನಕರುಗಳನ್ನು ಸೆಳೆದೊಯ್ದಿತೆಂದರೆ, ಮಳೆ ಹೆಚ್ಚಾಯಿತು, ಹೊಳೆ ಬಂತು ಎಂಬ ಸರಳವಾದ ಉತ್ತರದಿಂದ ತೃಪ್ತಿಪಡುವುದು ಸಾಧ್ಯವಿಲ್ಲ. ಈ ಕಣಿವೆಯ ಮಹಾಪೂರದ ಬೇರು ಅಲ್ಲಿನ ಬರಗಾಲದಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ.

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಅಲ್ಲಿಂದ ಪೂರ್ವಾಭಿಮುಖವಾಗಿ ಸುಮಾರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ಮೇಲಣ ಸೀಮೆಯಲ್ಲಿ ಮುಂಗಾರು ತಿಂಗಳುಗಟ್ಟಲೆ ಬಿಡದೆ ಸುರಿಯುವುದು. ಕೆಳಗಣ ಬಾದಾಮಿಯ ಸೀಮೆಯಲ್ಲಾದರೋ ಇಡೀ ವರ್ಷದಲ್ಲಿ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು, ಅದೂ ಬಿದ್ದ ವರ್ಷ ಬಿದ್ದಿತು, ಇಲ್ಲದ ವರ್ಷ ಇಲ್ಲ. ಈ ಎರಡು ಸೀಮೆಗಳ ನಡುವೆ, ಸವದತ್ತಿಯ ಬಳಿ ನದಿಯು ಗುಡ್ಡದ ಸಾಲನ್ನು ಸೀಳಿಕೊಂಡು ಹೊರಬರುವ ನವಿಲುತೀರ್ಥದ ಕಂದರದಲ್ಲಿ ರೇಣುಕಾಸಾಗರ ಜಲಾಶಯವಿದೆ. ಸುಮಾರು 37 ಟಿಎಂಸಿ ನೀರು ಹಿಡಿಯಬಲ್ಲ ಈ ಅಣೆಕಟ್ಟಿನ ಅಪ್ಪಣೆಯಿಲ್ಲದೆ ಮೇಲಣ ಮಳೆಯ ನೀರು ಕೆಳಗಣ ರೈತನ ಹೊಲದ ಬದಿಗೆ ಬರುವಂತಿಲ್ಲ.

ಟಿಎಂಸಿ, ಕ್ಯೂಸೆಕ್ ಎಂಬ ಮಾತುಗಳು ಮಳೆಗಾಲದಲ್ಲಿ ನಿತ್ಯವೂ ಪತ್ರಿಕೆಗಳಲ್ಲಿ ಬರುತ್ತವೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿಯಂತೆ, ಅಂದರೆ ಸುಮಾರು 28 ಲೀಟರಿನಂತೆ ಹರಿಯುವ ನೀರು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿಯಿತೆಂದರೆ 8.64 ಟಿಎಂಸಿ ಆಗುವುದು. ಇದನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಮಹದಾಯಿಯ ಉಪನದಿಗಳಾದ ಕಳಸಾ-ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದ, ನವಲಗುಂದಗಳ ಜನ ದಶಕಗಳ ಕಾಲ ಬೇಡಿದರು, ಬಂದ್ ಆಚರಿಸಿದರು, ವರ್ಷಗಟ್ಟಲೆ ಧರಣಿ ಕುಳಿತರು. 2018ರಲ್ಲಿ ಬಂದ ಮಹದಾಯಿ ಜಲವಿವಾದ ನ್ಯಾಯಾಧಿಕರಣದ ತೀರ್ಪು ಈ ತಿರುವಿಗಾಗಿ ಕೊಟ್ಟದ್ದು 3.9 ಟಿಎಂಸಿ. ಲಕ್ಷ ಕ್ಯೂಸೆಕ್ಕಿನ ಪ್ರವಾಹದಲ್ಲಿ ಅಷ್ಟು ನೀರು ಅವರ ಕಣ್ಣೆದುರಿಗೇ ಹರಿದುಹೋಗಲು ಹನ್ನೊಂದು ಗಂಟೆಗಳೂ ಬೇಕಿಲ್ಲ!

ಜಲಾಶಯವನ್ನು ಕಾಯುವವರ ಸಂದಿಗ್ಧವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ರೇಣುಕಾಸಾಗರವು ತುಂಬದೆ ಉಳಿಯುವ ವರ್ಷಗಳೇ ಹೆಚ್ಚು. ಅದರ ನೀರನ್ನು ನಂಬಿ ಕಾಲುವೆಯ ರೈತರಿದ್ದಾರೆ, ಹುಬ್ಬಳ್ಳಿ-ಧಾರವಾಡಗಳ ನಲ್ಲಿಗಳಿವೆ. ಕಾಲುವೆಯ ನೀರು ಹೊಲಕ್ಕೆ ತಲಪುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಬಂದಿತೆಂದು 1980ರ ಜುಲೈಯಲ್ಲಿ ಇಲ್ಲಿನ ರೈತರು ಬಂಡಾಯವೆದ್ದು ಗೋಲಿಬಾರಿನಲ್ಲಿ ಪ್ರಾಣ ತೆತ್ತ ನೆನಪು ಇನ್ನೂ ಮಾಸಿಲ್ಲ. ಹೀಗಿರುವಲ್ಲಿ ಜುಲೈ ತಿಂಗಳಿನಲ್ಲಿ ಒಳಹರಿವು ಕಂಡಾಗ, ಮುಂದೆ ಮಳೆ ಬಂದೀತೆಂದು ಊಹಿಸಿ ಕೈಯಲ್ಲಿದ್ದ ನೀರನ್ನು ಹೊಳೆಗೆ ಬಿಡುವ ಧೈರ್ಯ ಯಾವ ಅಧಿಕಾರಿಗೆ ಬಂದೀತು? ಬಿಟ್ಟ ಮೇಲೆ ಮಳೆ ಬಾರದಿದ್ದರೆ ಬೇಸಿಗೆಯಲ್ಲಿ ಉತ್ತರ ಕೊಡಬೇಕಾದವನು ಅವನೇ. ಆದಕಾರಣ ನೀರನ್ನು ಹಿಡಿದಿಟ್ಟೇ ಹಿಡಿದಿಡುವರು. ಅಣೆಕಟ್ಟು ತುಂಬಿದ ಮೇಲೂ ಘಟ್ಟದ ಮಳೆ ನಿಲ್ಲದಿದ್ದರೆ, ಬಂದದ್ದನ್ನು ಬಂದಂತೆಯೇ ಹೊರಗೆ ಬಿಡದೆ ಬೇರೆ ದಾರಿ ಉಳಿಯುವುದಿಲ್ಲ. 2019ರಲ್ಲಿ ನಡೆದದ್ದು ಇದು.

2009ರ ಕಥೆ ಬೇರೆ. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಶೇಕಡ 22ರಷ್ಟು ಕಡಿಮೆಯಾಗಿ ಎಲ್ಲೆಡೆ ಬರದ ಮಾತೇ ಕೇಳುತ್ತಿದ್ದಾಗ, ಋತುವಿನ ಕೊನೆಯಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತವು ಉತ್ತರ ಕರ್ನಾಟಕದ ಬಯಲಿನ ಮೇಲೆಯೇ ಎರಡು-ಮೂರು ದಿನ ಮಳೆ ಸುರಿಸಿತು. ರಾಜ್ಯದಲ್ಲಿ ಇನ್ನೂರಕ್ಕೂ ಮಿಕ್ಕ ಜನ ಅಸುನೀಗಿದರು. ಅಂಥ ಮಳೆಗೆ ಅಣೆಕಟ್ಟಿನ ಹಂಗಿಲ್ಲ; ಯಾಕೆಂದರೆ ಹುಬ್ಬಳ್ಳಿಯ ದಕ್ಷಿಣದ ಸೀಮೆಯಿಂದ ಹೊರಟು ನವಲಗುಂದದ ಎರೆಬಯಲನ್ನು ಹಾದು ಬರುವ ಬೆಣ್ಣೆಹಳ್ಳ, ಅದಕ್ಕೆ ಬಂದು ಕೂಡುವ ತುಪರಿ ಹಳ್ಳ, ಇವೆಲ್ಲ ಮಲಪ್ರಭೆಯನ್ನು ಸೇರುವುದು ಜಲಾಶಯದ ಕೆಳಗೆ. ಬೇಸಿಗೆಯಲ್ಲಿ ಒಣಗಿ ಬಿರಿದಿರುವ ಈ ಹಳ್ಳಗಳು ಒಂದು ರಾತ್ರಿಯ ಮಳೆಗೆ ಹೊಲಗಳ ಮೇಲೆ ಹರಡಿಕೊಳ್ಳುತ್ತವೆ. ಹೊಳೆಯೂ ತುಂಬಿದ್ದರಂತೂ ಹಳ್ಳದ ನೀರಿಗೆ ಇಳಿಯಲು ಎಡೆಯಿಲ್ಲದೆ ಅದು ಹಿಂದಕ್ಕೆ ಒತ್ತರಿಸಿ, ಹೊಳೆಯನ್ನು ಕಣ್ಣಿನಿಂದ ಕಾಣದ ಊರುಗಳನ್ನೂ ನಡುಗಡ್ಡೆಯಾಗಿಸಿಬಿಡುವುದು.

ಇನ್ನು ಪಾತ್ರದ ವಿಚಾರ. ಹೊಳೆಯಲ್ಲಿ ನೀರು ಪ್ರತಿ ವರ್ಷ ದಡಮುಟ್ಟ ಹರಿಯುತ್ತಿದ್ದರೆ ಅದರ ಅಗಲವನ್ನು ಅದೇ ಕಾಯ್ದುಕೊಳ್ಳುತ್ತದೆ. ಬೇರೂರಲು ಬಂದ ಗಿಡಗಂಟಿಗಳನ್ನು ಕಿತ್ತೊಯ್ಯುತ್ತದೆ, ರೈತನ ಕಣ್ಣಿಗೂ ತನ್ನ ಎಲ್ಲೆಯನ್ನು ತೋರಿಸಿಕೊಡುತ್ತದೆ. ಆದರೆ ಅಣೆಕಟ್ಟಾದ ಮೇಲೆ ಎಷ್ಟೋ ವರ್ಷ ಒಂದೇ ಸಮನೆ ಹೊಳೆಗೆ ನೀರು ಬರಲಿಲ್ಲ. ಕಂಟಿ ಬೆಳೆಯಿತು, ಕಂಟಿಯ ಬುಡಕ್ಕೆ ಹೂಳು ಕಟ್ಟಿತು, ಹೂಳಿನ ಮೇಲೆ ನೇಗಿಲು ಬಂತು. ಒಬ್ಬನು ಎರಡು ಸಾಲು ಮುಂದೆ ಹೋದರೆ ಪಕ್ಕದವನು ನಾಲ್ಕು ಸಾಲು ಹೋದನು. ಇದನ್ನು ಒತ್ತುವರಿಯೆಂದು ಕರೆದು ರೈತನ ದುರಾಸೆಗೆ ಹೊಣೆ ಕಟ್ಟುವುದು ಸುಲಭ. ದುರಾಸೆ ಇಲ್ಲವೆಂದು ನಾನು ಹೇಳುವುದಿಲ್ಲ. ಮರಳು ತೆಗೆದು ದಂಡೆಯನ್ನು ಹಾಳುಗೆಡವಿದವರಲ್ಲಿ ಅದು ಧಾರಾಳವಾಗಿಯೇ ಇತ್ತು. ಆದರೆ ಮಡ್ಡಿಯ ಹೊಲದಲ್ಲಿ ಬಿತ್ತಿದ ಬೀಜ ಮೊಳೆಯದೆ ಹೋದ ವರ್ಷ, ಹತ್ತಿರದಲ್ಲೇ ತೇವವಿರುವ ನೆಲವನ್ನು ಪಾಳು ಬಿಡುವಷ್ಟು ವೈರಾಗ್ಯವನ್ನು ಮೂರೆಕರೆಯ ಹಿಡುವಳಿದಾರನಿಂದ ನಿರೀಕ್ಷಿಸುವುದು ಯುಕ್ತವೆ? ಬರ ಅವನನ್ನು ಹೊಳೆಯೊಳಕ್ಕೆ ಕರೆತಂದಿತು. ಅವನು ಬಂದು ನೆಲೆ ನಿಂತ ಮೇಲೆ ಹೊಳೆ ತನ್ನ ಜಾಗವನ್ನು ಕೇಳಿತು.

ಹೊಳೆ ಏರುವ ಸುದ್ದಿ ಡಂಗುರದಿಂದಲೂ ಬರುತ್ತದೆ, ಈಗ ಮೊಬೈಲಿನಿಂದಲೂ ಬರುತ್ತದೆ. ಆದರೂ ಹಳ್ಳಿಗನು ನಂಬುವುದು ನೀರಿನಂಚಿನಲ್ಲಿ ತಾನು ನೆಟ್ಟ ಕೋಲನ್ನು. ಕೋಲು ಮುಳುಗಿದರೆ ಇನ್ನೊಂದನ್ನು ಮೇಲೆ ನೆಡುವನು. ಎರಡು ಕೋಲುಗಳ ನಡುವೆ ಕಳೆದ ಹೊತ್ತಿನಿಂದಲೇ ಹೊಳೆಯ ವೇಗವನ್ನು ಅಳೆಯುವನು. ಮೊದಲ ಓಟ ದಂಡೆಯ ಪಂಪ್‌ಸೆಟ್ಟಿನ ಕಡೆಗೆ. ಕೆಸರಿನಲ್ಲಿ ನಿಂತು, ತುಕ್ಕು ಹಿಡಿದ ನಟ್ಟುಗಳನ್ನು ಸಡಿಲಿಸಿ, ಹಗ್ಗ ಬಿಗಿದು ನಾಲ್ಕೈದು ಮಂದಿ ಮೋಟರನ್ನು ಎಳೆದು ದಿಬ್ಬಕ್ಕೆ ತರುವರು. ಸ್ಟಾರ್ಟರ್ ಪೆಟ್ಟಿಗೆಯನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ತರುವರು. ಪೈಪುಗಳನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಅಲ್ಲೇ ಬಿಡುವರು. ನೀರು ದಿಬ್ಬಕ್ಕೂ ಬಂದರೆ ಅದೇ ಮೋಟರನ್ನು ಮತ್ತೆ ಮೇಲಕ್ಕೆ ಎಳೆಯಬೇಕು. ಊರೊಳಗೆ ನೀರು ಬಂತೆಂದಾಗ ದನಗಳ ಕಣ್ಣಿ ಬಿಚ್ಚಿ ಅಟ್ಟುವುದು, ಮುದುಕರನ್ನು ಟ್ರ್ಯಾಕ್ಟರಿಗೆ ಹತ್ತಿಸುವುದು, ಚೀಲದ ಕಾಳನ್ನು ಮಾಳಿಗೆಗೆ ಏರಿಸುವುದು ಇವೆಲ್ಲ ಒಂದೇ ಗಳಿಗೆಯ ಕೆಲಸಗಳಾಗುತ್ತವೆ. ಗಂಜಿ ಕೇಂದ್ರದಲ್ಲಿ ಮನುಷ್ಯರಿಗೆ ಅನ್ನ-ಸಾರು ಸಿಕ್ಕೀತು. ಇತ್ತೀಚೆಗೆ ಅದರ ಹೆಸರು ಕಾಳಜಿ ಕೇಂದ್ರವೆಂದಾಗಿದೆ, ಸಾರು ಅದೇ. ಆದರೆ ಎಮ್ಮೆಗೆ ಮೇವು ಯಾರು ತಂದಾರು? ಕಣಕಿಯ ಬಣವಿ ನೆನೆದು ಬೂಸು ಹಿಡಿದ ಮೇಲೆ ಹಸಿದ ದನವೂ ಅದನ್ನು ಮೂಸಿ ಮುಖ ತಿರುಗಿಸುವುದು.

ಮಣ್ಣಿನ ಗೋಡೆ, ಮಣ್ಣಿನ ಮೇಲ್ಮುದ್ದೆಯ ಆ ಮನೆಗಳು ನೀರು ನಿಂತಾಗ ನಿಂತೇ ಇರುವುದುಂಟು. ಒಳಗೂ ಹೊರಗೂ ಸಮನಾಗಿ ನಿಂತ ನೀರೇ ಗೋಡೆಗೆ ಆನಿಕೆಯಾಗಿರುತ್ತದೆ. ನೀರು ಇಳಿದು, ಬುಡ ಮೆತ್ತಗಾಗಿ, ನೆನೆದ ಮೇಲ್ಮುದ್ದೆಯ ಭಾರವೆಲ್ಲ ತೊಲೆಗಳ ಮೇಲೆ ಬಿದ್ದಾಗ ಅವು ಒಂದೊಂದಾಗಿ ಕುಸಿಯತೊಡಗುತ್ತವೆ. ಆದುದರಿಂದಲೇ ಬಿಸಿಲು ಬಿದ್ದ ದಿನ ಹೆಂಗಸರು ಒಳಗೆ ಹೋಗಿ ಒಲೆ ಹೊತ್ತಿಸಲು ಅಂಜುತ್ತಾರೆ. ನೇಕಾರರ ಓಣಿಗಳಲ್ಲಿ ಇನ್ನೊಂದು ನಷ್ಟ. ಸುರೇಬಾನ, ಕಮತಗಿಗಳಂಥ ಊರುಗಳ ಕುಣಿಮಗ್ಗ ನೆಲದೊಳಗೇ ಇರುವುದರಿಂದ, ಮನೆ ಉಳಿದರೂ ಮಗ್ಗದ ಕುಣಿಯಲ್ಲಿ ಹೊಳೆಯ ರಾಡಿ ಉಳಿಯುತ್ತದೆ. 2019ರಲ್ಲಿ ಪಟ್ಟದಕಲ್ಲಿನ ದೇಗುಲಗಳ ಆವರಣದಲ್ಲಿ ನೀರು ನಿಂತ ಚಿತ್ರವನ್ನು ನಾಡೆಲ್ಲ ನೋಡಿ ಕಳವಳಪಟ್ಟಿತು. ಎಂಟನೆಯ ಶತಮಾನದ ಆ ಕಲ್ಲುಕಟ್ಟಡಗಳು ನೀರು ಇಳಿದ ಮೇಲೆ ತೊಳೆದಂತೆ ನಿಂತವು. ಅವುಗಳ ನೆರೆಯ ಮಣ್ಣಿನ ಮನೆಗಳಿಗೆ ಅಂತಹ ಭಾಗ್ಯವಿರಲಿಲ್ಲ.

ಹೊಲದಲ್ಲಿ ಆಗುವ ಹಾನಿಯನ್ನು ಪೇಟೆಯವರು ಬೆಳೆ ಕೊಚ್ಚಿಹೋಯಿತೆಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವಾಸ್ತವದಲ್ಲಿ ಪ್ರತಿ ಬೆಳೆಯೂ ತನ್ನದೇ ರೀತಿಯಲ್ಲಿ ಸಾಯುತ್ತದೆ. ಬೇರಿಗೆ ಗಾಳಿ ಸಿಗದೆ ಗೋವಿನಜೋಳ ಕೆಲವೇ ದಿನಗಳಲ್ಲಿ ಹಳದಿಯಾಗುತ್ತದೆ; ಬಿಡಿಸಲು ಬಂದ ಹೆಸರಿನ ಕಾಯಿ ಗಿಡದಲ್ಲೇ ಮೊಳೆಯುತ್ತದೆ; ಉಳ್ಳಾಗಡ್ಡಿ ನೆಲದೊಳಗೆ ಕೊಳೆತು ಇಡೀ ಹೊಲವೇ ನಾರುತ್ತದೆ. ಕಬ್ಬು ಮಾತ್ರ ಗಟ್ಟಿ ಜೀವ. ಸುಳಿ ನೀರಿನ ಮೇಲಿದ್ದರೆ ಅದು ಎಷ್ಟೋ ದಿನ ತಡೆದುಕೊಂಡೀತು, ಸುಳಿಯೊಳಗೆ ರಾಡಿ ಇಳಿಯಿತೆಂದರೆ ತೀರಿತು. ಕೊಣ್ಣೂರಿನ ಸುತ್ತಣ ಪೇರಲ ತೋಟಗಳ ನಷ್ಟ ಇನ್ನೂ ದೀರ್ಘವಾದದ್ದು, ಏಕೆಂದರೆ ಒಂದು ಬೆಳೆ ಹೋದರೆ ಮರುವರ್ಷ ಬಿತ್ತಬಹುದು, ಫಲಕ್ಕೆ ಬಂದ ಮರವನ್ನು ಬಿತ್ತಲಾಗದು.

ನೆರೆಯ ನೀರು ಮೆಕ್ಕಲು ಮಣ್ಣನ್ನು ತಂದು ಹೊಲವನ್ನು ಫಲವತ್ತಾಗಿಸುತ್ತದೆಂದು ಶಾಲೆಯಲ್ಲಿ ಓದಿದ ನೆನಪು ನಮ್ಮಲ್ಲಿ ಹಲವರಿಗಿದೆ. ಒಂದು ಕಾಲಕ್ಕೆ ಇದ್ದೀತು. ಆದರೆ ಅಣೆಕಟ್ಟಾದ ಮೇಲೆ ನುಣುಪಾದ ಮೆಕ್ಕಲು ಬಹುಪಾಲು ಜಲಾಶಯದ ತಳದಲ್ಲೇ ಕೂರುತ್ತದೆ; ಬಾಗಿಲುಗಳಿಂದ ಧುಮುಕುವ ಹಗುರಾದ ನೀರು ಕೆಳಗಿನ ದಂಡೆಯನ್ನೇ ಕೊರೆದು, ಒಬ್ಬನ ಹೊಲದ ಬದುವನ್ನು ಕಿತ್ತು ಇನ್ನೊಬ್ಬನ ಹೊಲದ ಮೇಲೆ ಮರಳು-ಗರಸಾಗಿ ಹಾಸುತ್ತದೆ. ಸರಕಾರದ ನಿಯಮದಂತೆ ಹೂಳು ತೆಗೆಯುವ ನೆರವಿಗೆ ಅದು ಮೂರು ಅಂಗುಲಕ್ಕಿಂತ ದಪ್ಪವಾಗಿರಬೇಕು. ಪಂಚನಾಮೆಯ ದಿನ ಹೊಲದಲ್ಲಿ ಬೆರಳಿಟ್ಟು ಅಳೆಯುವ ದೃಶ್ಯವನ್ನು ಹಾಸ್ಯಕ್ಕೆ ತರಬಹುದಾಗಿತ್ತು, ಅಳೆಯುವವನ ಎದುರು ನಿಂತವನ ಮುಖವನ್ನು ನೋಡದಿದ್ದರೆ.

ಬೆಳೆ ಪರಿಹಾರದ ಲೆಕ್ಕವೂ ಅಂಥದೇ. ಹಾನಿ ಶೇಕಡ 33ಕ್ಕೆ ಕಡಿಮೆಯಿಲ್ಲದೆ ಇರಬೇಕು. ಎರಡು ಹೆಕ್ಟೇರಿನವರೆಗೆ ಮಾತ್ರ ಹಣ. 2022ರಲ್ಲಿ ಪರಿಷ್ಕೃತವಾದ ಕೇಂದ್ರದ ದರದಂತೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಯ ಹೆಕ್ಟೇರಿಗೆ 17,000. ರಾಜ್ಯ ಸರಕಾರ ಕೆಲವೊಮ್ಮೆ ಇದರ ಮೇಲೆ ತನ್ನ ಕೈಯಿಂದ ಕೂಡಿಸಿದ್ದೂ ಉಂಟು. 2019ರಲ್ಲಿ ಪೂರ್ಣ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಘೋಷಿಸಿದ್ದನ್ನು ಉದಾರವೆಂದೇ ಹೇಳಬೇಕು. ಮೊತ್ತಕ್ಕಿಂತ ದೊಡ್ಡ ತೊಡಕೆಂದರೆ ಹಣ ಯಾರಿಗೆ ಸೇರುತ್ತದೆಂಬುದು. ಪರಿಹಾರ ಹೋಗುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವನ ಖಾತೆಗೆ. ಆ ಸೀಮೆಯಲ್ಲಿ ಎಷ್ಟೋ ಹೊಲಗಳನ್ನು ಉಳುವವರು ಲಾವಣಿಯ, ಅಂದರೆ ಗೇಣಿಯ, ಮೇಲೆ ಹಿಡಿದವರು. ಮುಂಗಡ ಕೊಟ್ಟವರು ಅವರು, ಬೀಜ-ಗೊಬ್ಬರಕ್ಕೆ ಸಾಲ ಮಾಡಿದವರು ಅವರು, ಆದರೆ ಕಾಗದದಲ್ಲಿ ಅವರಿಲ್ಲ. ಮಾತಿನ ಮೇಲೆ ನಡೆದ ಲಾವಣಿಗೆ ಸಾಕ್ಷಿ ಊರಿನ ನಾಲ್ಕು ಜನರೇ ಹೊರತು ತಹಶೀಲ್ದಾರರ ಕಚೇರಿಯಲ್ಲ. ಹೊಲದ ಒಡೆಯ ಧರ್ಮಿಷ್ಠನಾದರೆ ಬಂದದ್ದರಲ್ಲಿ ಅರ್ಧ ಕೊಡುವನು. ಇನ್ನು ತಂದೆ ತೀರಿಹೋಗಿ ವಾರಸಾ ಆಗದೆ ಉಳಿದ ಹೊಲಗಳ ಮಕ್ಕಳು ಸತ್ತವನ ಹೆಸರಿನ ಪರಿಹಾರಕ್ಕಾಗಿ ಅಲೆಯುವ ಅಲೆದಾಟ ಮುಂದಿನ ಮಳೆಗಾಲದವರೆಗೂ ನಡೆಯುತ್ತದೆ.

2009ರ ನಂತರ ಸರಕಾರವು ದಾನಿಗಳ ನೆರವಿನೊಡನೆ ‘ಆಸರೆ’ ಎಂಬ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿಸಿತು. ರಸ್ತೆಗಳು ನೆಟ್ಟಗೆ, ಮನೆಗಳು ಒಂದೇ ಅಳತೆಯವು, ಗೋಡೆಗಳು ಸಿಮೆಂಟಿನವು. ಅಲ್ಲಿಗೆ ಹೋಗಿ ನೆಲೆಸಿದವರೂ ಇದ್ದಾರೆ. ಆದರೆ ಬಹಳ ಕಡೆ ಆ ಮನೆಗಳು ಬೀಗ ಹಾಕಿಕೊಂಡೇ ಉಳಿದು, ಸಂಸಾರಗಳು ಹಳೆಯ ಊರಿನಲ್ಲೇ ಮುಂದುವರಿದು, ಹತ್ತು ವರ್ಷಗಳ ಮೇಲೆ ಮತ್ತೆ ಮುಳುಗಿದವು. ಇದನ್ನು ಹಟಮಾರಿತನವೆಂದು ಬಗೆಯುವ ಅಧಿಕಾರಿಗಳ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಮನೆಯ ನಕ್ಷೆ ಬರೆದವರು ಅದರಲ್ಲಿ ಅಡುಗೆಮನೆಗೆ ಜಾಗ ತೋರಿಸಿದರು, ದನದ ಕೊಟ್ಟಿಗೆಗೆ ತೋರಿಸಲಿಲ್ಲ, ಬಣವಿ ಒಟ್ಟುವುದಕ್ಕೂ ಕಾಳು ತೂರುವ ಕಣಕ್ಕೂ ತೋರಿಸಲಿಲ್ಲ. ಹೊಳೆ ಬರುವುದು ಹತ್ತು ವರ್ಷಕ್ಕೊಮ್ಮೆ ಇದ್ದೀತು. ಎಮ್ಮೆಯನ್ನು ದಿನಕ್ಕೆರಡು ಹೊತ್ತು ಹಿಂಡಬೇಕು, ಕರೆಂಟು ಬಂದ ಅಪರಾತ್ರಿಯಲ್ಲಿ ಎದ್ದು ಹೋಗಿ ಹೊಲಕ್ಕೆ ನೀರು ಕಟ್ಟಬೇಕು, ಆ ಹೊಲವಾದರೋ ಇರುವುದು ಹೊಳೆಯ ದಂಡೆಯ ಮೇಲೆ.