ರಸಾಯನಶಾಸ್ತ್ರ ಪರೀಕ್ಷಾ ಅಭ್ಯಾಸ (ಕರ್ನಾಟಕ)

ರಸಾಯನಶಾಸ್ತ್ರ ಪರೀಕ್ಷಾ ಅಭ್ಯಾಸ ಎಂಬುದು ಕರ್ನಾಟಕದ ಎಸ್‌.ಎಸ್‌.ಎಲ್‌.ಸಿ. ಮತ್ತು ಪದವಿಪೂರ್ವ ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆಗಳಿಗಾಗಿ ನಡೆಸುವ ಸಿದ್ಧತೆಯಾಗಿದೆ. ಎರಡೂ ಪರೀಕ್ಷೆಗಳನ್ನು ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುತ್ತದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ, ಒಮ್ಮೆ ಎಡವಿದವರಿಗೆ ಅದೇ ವರ್ಷ ಮತ್ತೆ ಅವಕಾಶವಿದೆ.

ಪರೀಕ್ಷೆಯ ಸ್ವರೂಪ

ಎಸ್‌.ಎಸ್‌.ಎಲ್‌.ಸಿ.ಯಲ್ಲಿ ರಸಾಯನಶಾಸ್ತ್ರವು ಪ್ರತ್ಯೇಕ ವಿಷಯವಲ್ಲ. ಭೌತಶಾಸ್ತ್ರ ಮತ್ತು ಜೀವಶಾಸ್ತ್ರಗಳೊಡನೆ ವಿಜ್ಞಾನ ಪತ್ರಿಕೆಯ ಒಂದು ಭಾಗ. ಪತ್ರಿಕೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ದ್ವಿತೀಯ ಪಿ.ಯು.ಸಿ.ಯಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳಿವೆ.

ಈ ಎರಡು ಹಂತಗಳ ನಡುವೆ ದೊಡ್ಡ ಕಂದಕವೊಂದಿದೆ. ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಂತಹ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ವಿಜ್ಞಾನಕ್ಕಾಗಿ ನಗರದ ಕಾಲೇಜು ಸೇರುವ ವಿದ್ಯಾರ್ಥಿಗೆ ಬ್ಯೂರೆಟ್ಟೂ ಹೊಸದು, ಪಾಠದ ಭಾಷೆಯೂ ಹೊಸದು. 'ಪ್ರತ್ಯಾಮ್ಲ' ಬೇಸ್ ಆಗುತ್ತದೆ, 'ಉತ್ಕರ್ಷಣ' ಆಕ್ಸಿಡೇಶನ್ ಆಗುತ್ತದೆ. ಹಿರಿಯರಿಂದ 'ಜಲಜನಕ', 'ಇಂಗಾಲ' ಎಂಬ ಹೆಸರುಗಳನ್ನು ಕೇಳಿದವರು ಹೈಡ್ರೋಜನ್, ಕಾರ್ಬನ್ ಅವೇ ಎಂದು ಗುರುತಿಸಬೇಕು. ವಿಷಯ ಬಲ್ಲ ಮಗು ಪದ ತಿಳಿಯದೆ ಹಿಂದೆ ಬೀಳುವುದು ಇಲ್ಲಿಯೇ. ಹತ್ತನೆಯ ತರಗತಿಯ ಕೊನೆಯಲ್ಲಿಯೇ ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಸರಳ ಉಪಾಯ.

ಲಿಖಿತ ಪರೀಕ್ಷೆ

ಸಮೀಕರಣ ಸರಿದೂಗಿಸುವುದರಲ್ಲಿ ಆಗುವ ಮುಖ್ಯ ತಪ್ಪು ಒಂದೇ: ಸೂತ್ರದ ಹಿಂದೆ ಬರೆಯಬೇಕಾದ ಅಂಕೆಯನ್ನು ಸೂತ್ರದ ಒಳಗೆ ಬರೆಯುವುದು. ಕಾಯ್ದ ಕಬ್ಬಿಣದ ಮೇಲೆ ನೀರಾವಿ ಹಾಯ್ದಾಗ ಮೂರು ಕಬ್ಬಿಣದ ಪರಮಾಣುಗಳು ನಾಲ್ಕು ನೀರಿನ ಅಣುಗಳೊಡನೆ ವರ್ತಿಸಿ ಕಬ್ಬಿಣದ ಆಕ್ಸೈಡ್ ಮತ್ತು ನಾಲ್ಕು ಹೈಡ್ರೋಜನ್ ಅಣುಗಳು ದೊರೆಯುತ್ತವೆ. ಆಕ್ಸೈಡಿನಲ್ಲಿ ನಾಲ್ಕು ಆಕ್ಸಿಜನ್ ಇವೆಯೆಂದು ನೀರಿನ ಸೂತ್ರದೊಳಗಿನ ಆಕ್ಸಿಜನ್ ಸಂಖ್ಯೆಯನ್ನು ತಿದ್ದಿದರೆ ಅದು ನೀರಾಗಿ ಉಳಿಯುವುದಿಲ್ಲ. ಅಲ್ಲಿ 2 ಎಂದು ಬರೆದರೂ ಸಾಕು, ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ಸತುವಿನ ಚೂರುಗಳು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದೊಡನೆ ವರ್ತಿಸುವ ಜೋಡಣೆ, ನೀರಿನ ವಿದ್ಯುದ್ವಿಭಜನೆ, ತಾಮ್ರದ ಶುದ್ಧೀಕರಣ ಇವುಗಳ ಚಿತ್ರಗಳನ್ನು ಭಾಗ ಗುರುತಿಸಿ ಬಿಡಿಸಿ ರೂಢಿಸಿಕೊಳ್ಳಬೇಕು. ಅಂದಕ್ಕಿಂತ ಸರಿಯಾದ ಗುರುತು ಮುಖ್ಯ. ನೀರಿನ ವಿದ್ಯುದ್ವಿಭಜನೆಯಲ್ಲಿ ಇಮ್ಮಡಿ ಗಾತ್ರದ ಅನಿಲವು ಕ್ಯಾಥೋಡಿನ ಕಡೆ ಇರಬೇಕು, ಅದೇ ಹೈಡ್ರೋಜನ್.

ಮನೆಯ ಸಾಮಗ್ರಿಯಿಂದ ಅಭ್ಯಾಸ

ಪ್ರಯೋಗಾಲಯದ ಕೊರತೆಯಿರುವಲ್ಲಿ ಅಡುಗೆಮನೆ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರನ್ನು ಮಾಡುವುದನ್ನು ನಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಅದು ಸೂಚಕವೊಂದು ಪ್ರತ್ಯಾಮ್ಲಕ್ಕೆ ತೋರುವ ಬಣ್ಣ. ಆದರೆ ಅರಿಶಿನವು ಆಮ್ಲದಲ್ಲಿಯೂ ತಟಸ್ಥ ದ್ರಾವಣದಲ್ಲಿಯೂ ಹಳದಿಯಾಗಿಯೇ ಇರುವುದರಿಂದ ಮಜ್ಜಿಗೆಯನ್ನೂ ನೀರನ್ನೂ ಬೇರ್ಪಡಿಸಿ ತೋರಿಸಲಾರದು. ಎಲೆಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಕೊಳವೆಯಿಂದ ಮೆಲ್ಲಗೆ ಉಸಿರು ಊದಿದರೆ ಅದು ಹಾಲಿನಂತಾಗುತ್ತದೆ. ತಿಳಿಯನ್ನು ಬಾಯಿಗೆ ಎಳೆದುಕೊಳ್ಳಬಾರದು. ಕಾರ್ಬನ್ ಡೈಆಕ್ಸೈಡ್ ಇನ್ನೂ ಹೆಚ್ಚು ಹಾಯ್ದರೆ, ಕರಗುವ ಕ್ಯಾಲ್ಸಿಯಂ ಹೈಡ್ರೋಜನ್ ಕಾರ್ಬೊನೇಟ್ ಉಂಟಾಗಿ ದ್ರಾವಣ ಮತ್ತೆ ತಿಳಿಯಾಗುತ್ತದೆ.

ಅನುಮಾಪನ

ಪಿ.ಯು. ಹಂತದ ಅನುಮಾಪನಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದ ಬಳಕೆ ಪ್ರಮುಖವಾದುದು. ಆಕ್ಸಾಲಿಕ್ ಆಮ್ಲಕ್ಕೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ, ಬ್ಯೂರೆಟ್ಟಿನಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಲಾಗುತ್ತದೆ. ಮೊದಲ ಹನಿಗಳ ಬಣ್ಣ ಬೇಗ ಹೋಗದಿದ್ದರೆ ಗಾಬರಿಪಡಬೇಕಾಗಿಲ್ಲ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಕ್ರಿಯಾವರ್ಧಕವಾಗಿ, ಮುಂದೆ ಅದು ಚುರುಕಾಗುತ್ತದೆ. ತಿಳಿಗುಲಾಬಿ ಬಣ್ಣ ಅಲುಗಾಡಿಸಿದರೂ ಅರ್ಧ ನಿಮಿಷ ಉಳಿದರೆ ಅದು ಅಂತ್ಯಬಿಂದು. ಬೇರೆ ಸೂಚಕ ಬೇಕಿಲ್ಲ. ಬಣ್ಣ ಗಾಢವಾದುದರಿಂದ ಬ್ಯೂರೆಟ್ಟಿನಲ್ಲಿ ದ್ರಾವಣದ ಮೇಲಿನ ಅಂಚನ್ನು ಓದಬೇಕು. ಹೈಡ್ರೋಕ್ಲೋರಿಕ್ ಆಮ್ಲ ಏಕೆ ಸಲ್ಲದು ಎಂಬುದು ಮೌಖಿಕ ಪರೀಕ್ಷೆಗೆ ತಕ್ಕ ಪ್ರಶ್ನೆ: ಪರ್ಮಾಂಗನೇಟ್ ಅದರ ಕ್ಲೋರೈಡನ್ನು ಕ್ಲೋರಿನ್ ಆಗಿ ಉತ್ಕರ್ಷಿಸುವುದರಿಂದ ಲೆಕ್ಕ ತಪ್ಪುತ್ತದೆ.

ಎರಡು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಆಕ್ಸಾಲಿಕ್ ಆಮ್ಲ ಎಂಬ ಅನುಪಾತದಿಂದ ಲೆಕ್ಕ ಹೊರಡುತ್ತದೆ. 0.05 ಮೋಲಾರ್ ಆಕ್ಸಾಲಿಕ್ ಆಮ್ಲದ 10 ಮಿಲಿಲೀಟರಿಗೆ 10 ಮಿಲಿಲೀಟರ್ ಪರ್ಮಾಂಗನೇಟ್ ಬೇಕಾದರೆ ಅದರ ಪ್ರಬಲತೆ 0.02 ಮೋಲಾರ್. ಗೆಳೆಯನ ಪಟ್ಟಿಯಿಂದ ಅಂಕೆ ನಕಲು ಮಾಡುವ ಚಾಳಿ ಇಲ್ಲಿ ವ್ಯರ್ಥ. ಕೊಟ್ಟ ದ್ರಾವಣ ಬೇರೆಯಾಗಿದ್ದರೆ ಆ ಅಂಕೆಯೇ ಸುಳ್ಳಾಗುತ್ತದೆ.

ಲವಣ ವಿಶ್ಲೇಷಣೆ

ಕೊಟ್ಟ ಪುಡಿಯಲ್ಲಿರುವ ಋಣ ಅಯಾನು ಮತ್ತು ಧನ ಅಯಾನುಗಳನ್ನು ಕ್ರಮಬದ್ಧ ಪರೀಕ್ಷೆಗಳಿಂದ ಗುರುತಿಸುವುದು ಲವಣ ವಿಶ್ಲೇಷಣೆ. ಬಾಯಿಪಾಠದ ಕಾಟ ಅತಿ ಹೆಚ್ಚಾಗಿರುವುದು ಇದರಲ್ಲಿಯೇ. ಮೊದಲು ನಿರ್ಣಯ ಊಹಿಸಿ ಆಮೇಲೆ ವೀಕ್ಷಣೆ ಬರೆಯುವವರಿದ್ದಾರೆ. ಆದರೆ ಪರೀಕ್ಷೆಗಳ ಕ್ರಮಕ್ಕೆ ಕಾರಣವಿದೆ, ಮತ್ತು ಆ ಕಾರಣ ಅಯಾನಿಕ ಸಮತೋಲನದ ಪಾಠದಲ್ಲಿಯೇ ಇದೆ.

ಎರಡನೆಯ ಗುಂಪಿನಲ್ಲಿ ಹೈಡ್ರೋಜನ್ ಸಲ್ಫೈಡನ್ನು ಆಮ್ಲೀಯ ದ್ರಾವಣದಲ್ಲಿ ಹಾಯಿಸುವುದು ಸಲ್ಫೈಡ್ ಅಯಾನುಗಳನ್ನು ಕಡಿಮೆ ಮಾಡಲು. ಆಗ ತಾಮ್ರದ ಸಲ್ಫೈಡ್ ಮಾತ್ರ ಕಪ್ಪಗೆ ಪ್ರಕ್ಷೇಪವಾಗಿ, ಸತು ದ್ರಾವಣದಲ್ಲಿ ಉಳಿದು ನಾಲ್ಕನೆಯ ಗುಂಪಿನವರೆಗೆ ಕಾಯುತ್ತದೆ. ಮೂರನೆಯ ಗುಂಪಿನಲ್ಲಿ ಅಮೋನಿಯಂ ಹೈಡ್ರಾಕ್ಸೈಡಿಗೆ ಮೊದಲು ಅಮೋನಿಯಂ ಕ್ಲೋರೈಡ್ ಹಾಕುವುದೂ ಹೀಗೆಯೇ: ಸಮಾನ ಅಯಾನು ಪರಿಣಾಮದಿಂದ ಹೈಡ್ರಾಕ್ಸೈಡ್ ಅಯಾನುಗಳು ತಗ್ಗಿ, ಅಲ್ಯುಮಿನಿಯಂ ಬೀಳುತ್ತದೆ, ಮೆಗ್ನೀಸಿಯಂ ಬೀಳುವುದಿಲ್ಲ. ಇದನ್ನು ಅರಿತವರಿಗೆ ಲಿಖಿತ ಪತ್ರಿಕೆಯ ಪ್ರಶ್ನೆಯೂ ಸುಲಭವಾಗುತ್ತದೆ.

ನೈಟ್ರೇಟಿನ ಕಂದು ಉಂಗುರ ಪರೀಕ್ಷೆಗೆ ತಾಳ್ಮೆ ಬೇಕು. ಹೊಸದಾಗಿ ತಯಾರಿಸಿದ ಫೆರಸ್ ಸಲ್ಫೇಟ್ ದ್ರಾವಣ ಬೆರೆಸಿದ ಮೇಲೆ ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಓರೆಯಾಗಿ ಹಿಡಿದ ಪ್ರನಾಳದ ಗೋಡೆಗುಂಟ ಇಳಿಬಿಡಬೇಕು. ಎರಡು ದ್ರವಗಳು ಸೇರುವಲ್ಲಿ ಉಂಗುರ ಮೂಡುತ್ತದೆ. ಪ್ರನಾಳವನ್ನು ಅಲುಗಾಡಿಸಿದರೆ ಮಾಯವಾಗುತ್ತದೆ. ಆದುದರಿಂದ ಉಂಗುರ ಕಂಡೊಡನೆ, ಪ್ರನಾಳ ಕೈಯಲ್ಲಿರುವಾಗಲೇ ಪರೀಕ್ಷಕರಿಗೆ ತೋರಿಸುವುದು ಲೇಸು.